ಅಂಬಿಗರ ಚೌಡಯ್ಯ: ಕಾಯಕ ಮತ್ತು ನದಿಯ ಬದುಕು

ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗರ ಚೌಡಯ್ಯನನ್ನು ನಿಷ್ಠುರ ನುಡಿಯ ವಿಮರ್ಶಕನೆಂದು ಗುರುತಿಸುವುದು ವಾಡಿಕೆ. ಡಾಂಭಿಕ ಭಕ್ತಿಯನ್ನೂ ಜಾತಿಯ ಹಮ್ಮನ್ನೂ ಅವನಷ್ಟು ಕಟುವಾಗಿ ಖಂಡಿಸಿದವರು ವಿರಳ. ಆದರೆ ಆ ನಿಷ್ಠುರತೆಗೆ ನೆಲೆಯೊದಗಿಸಿದ ದೋಣಿಯ ಕಾಯಕವು ನಮ್ಮ ಅಧ್ಯಯನಗಳಲ್ಲಿ ಬಹುಮಟ್ಟಿಗೆ ರೂಪಕವಾಗಿಯೇ ಉಳಿದಿದೆ. ಅದನ್ನು ಅನ್ನದ ದಾರಿಯಾಗಿಯೂ ಪರಿಭಾವಿಸಿ ಅವನ ಬದುಕನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಚೌಡಯ್ಯನ ಬದುಕು ತುಂಗಭದ್ರೆಯೊಡನೆ ಹೆಣೆದುಕೊಂಡದ್ದು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಈ ನದಿಯ ದಡದಲ್ಲಿರುವ ಚೌಡದಾನಪುರ ಅವನ ಹೆಸರಿನೊಡನೆ ಬೆಸೆದುಕೊಂಡ ಊರು. ಅವನಿಗೆ ದಾನವಾಗಿ ಬಂದುದರಿಂದಲೇ ಊರಿಗೆ ಈ ಹೆಸರಾಯಿತೆಂಬುದು ಜನರ ನಂಬಿಕೆ. ಜನರನ್ನು ದಡದಿಂದ ದಡಕ್ಕೆ ದಾಟಿಸುವುದು ಅವನ ದುಡಿಮೆ. ಬಸವಣ್ಣನ ಸಮಕಾಲೀನನಾದ ಅವನಿಗೆ ಶರಣ ಚಳವಳಿ ಈ ದುಡಿಮೆಗೆ ಘನತೆಯ ಭಾಷೆಯನ್ನು ನೀಡಿತು. ಪರಂಪರೆ ಅವನನ್ನು ನಿಜಶರಣನೆಂದು ಗೌರವಿಸಿತು.

ಬಹುಪಾಲು ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ, ಚೌಡಯ್ಯ ತನ್ನ ವೃತ್ತಿಯನ್ನೂ ಹೆಸರನ್ನೂ ಕೂಡಿಸಿ ಅಂಕಿತವಾಗಿಸಿದ. ಅಂಬಿಗನೆಂಬ ಮಾತನ್ನು ಕೀಳಾಗಿ ಆಡುವವರನ್ನು ತಡೆದು, ದಾಟಿಸಬಲ್ಲವನು ತಾನೇ ಎಂದು ನಿಂತ. ಸಮಾಜ ಕೀಳೆಂದ ವೃತ್ತಿನಾಮವೇ ಕಾವ್ಯದ ಮುದ್ರೆಯಾದುದು ಸಾಮಾನ್ಯ ಸಂಗತಿಯಲ್ಲ.

ಚೌಡದಾನಪುರವನ್ನು ದಾಟಿದ ತುಂಗಭದ್ರೆ ಹಂಪೆಯ ಮೂಲಕ ಹರಿದು ಮಾನ್ವಿಯ ದಕ್ಷಿಣದ ಅಂಚನ್ನು ಮುಟ್ಟುತ್ತದೆ. ದೇವದುರ್ಗದ ಉತ್ತರಕ್ಕೆ ಕೃಷ್ಣೆ. ಈ ಎರಡು ಹೊಳೆಗಳ ನಡುವಣ ರಾಯಚೂರು ಸೀಮೆಯನ್ನು ಶಾಸನಗಳು ಎಡೆದೊರೆ ಎಂದು ಕರೆದಿವೆ. ಹೊಳೆ ದಾಟದೆ ಹೊರನಾಡಿಗೆ ಹೋಗಲಾಗದ ಇಂತಹ ಸೀಮೆಯಲ್ಲಿ ಸಂತೆ, ದಂಡು, ಯಾತ್ರೆಗಳೆಲ್ಲ ಅಂಬಿಗನ ಹುಟ್ಟನ್ನೇ ನೆಚ್ಚಿದ್ದವು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗೆ ಹೆಣೆದು ಹೊರಮೈಗೆ ತೊಗಲು ಹೊದಿಸಿದ ಹರಗೋಲುಗಳನ್ನು ಕಂಡು, ಅವು 15-20 ಜನರನ್ನು ಹೊರುತ್ತಿದ್ದುದನ್ನು ದಾಖಲಿಸಿದ್ದಾನೆ. ಬಿದಿರು, ಬೆತ್ತ, ತೊಗಲು, ಹೆಣಿಗೆ ಎಂದರೆ ಅಂಬಿಗನ ಜೊತೆಗೆ ಮೇದಾರ, ಸಮಗಾರರಿಗೂ ದುಡಿಮೆ. ಒಂದು ಹರಗೋಲಿನ ಹಿಂದೆ ಹಲವು ಕಾಯಕಗಳಿದ್ದವು.

ಈ ಅರ್ಥವ್ಯವಸ್ಥೆ ಕ್ರಮೇಣ ಸಡಿಲಗೊಂಡಿತು. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿದವು. ಮುಂದೆ ರಸ್ತೆಯ ಸೇತುವೆಗಳು ಬಂದವು. 1953ರಲ್ಲಿ ತುಂಗಭದ್ರೆಗೂ 1982ರಲ್ಲಿ ನಾರಾಯಣಪುರದ ಬಳಿ ಕೃಷ್ಣೆಗೂ ಅಣೆಕಟ್ಟುಗಳಾಗಿ ಹರಿವಿನ ಸಹಜಗತಿ ಬದಲಾಯಿತು. ನೀರಾವರಿಯಿಂದ ನಾಡಿಗೆ ಒದಗಿದ ಪ್ರಯೋಜನವನ್ನು ಅಲ್ಲಗಳೆಯಲಾಗದು; ಆದರೆ ಕಡವನ್ನೇ ನಂಬಿದವರಿಗೆ ಅದು ವೃತ್ತಿಯ ಸ್ಥಾನಪಲ್ಲಟವೂ ಹೌದು. ಮೀನುಗಾರಿಕೆ, ಕೂಲಿ, ವಲಸೆಗಳು ಅವರ ಮುಂದಿನ ದಾರಿಗಳಾದವು.

ಇಂದು ಜನವರಿ 21ರಂದು ಸರ್ಕಾರ ಚೌಡಯ್ಯನ ಜಯಂತಿಯನ್ನು ಆಚರಿಸುತ್ತದೆ. ಅಂಬಿಗ ಸಮುದಾಯಗಳ ಸ್ವಯಂ ಉದ್ಯೋಗಕ್ಕೆ ನೆರವಾಗಲು ರಚಿತವಾದ ಅಭಿವೃದ್ಧಿ ನಿಗಮವೂ ಅವನ ಹೆಸರನ್ನೇ ಹೊತ್ತಿದೆ. ಇದು ಔಚಿತ್ಯಪೂರ್ಣವಾದುದು. ಏಕೆಂದರೆ ಚೌಡಯ್ಯನ ಬದುಕಿನಲ್ಲಿ ಕಾಯಕವಿಲ್ಲದೆ ಘನತೆಯಿಲ್ಲ. ಆತ್ಮಗೌರವವಿಲ್ಲದ ನೆರವನ್ನು ಅವನ ನುಡಿ ಒಪ್ಪುವುದೂ ಇಲ್ಲ. ಹೊಳೆಯೊಡನೆ ಬದುಕಿದವರಿಗೆ ಹೊಳೆಯ ಮೀನು, ನೀರು, ದಡಗಳ ಮೇಲೆ ಪಾಲು ದೊರೆಯುವುದೇ ಆ ಹೆಸರಿಗೆ ಸಲ್ಲುವ ನಿಜವಾದ ಮನ್ನಣೆ. ಅವನ ವಚನಗಳ ಮುಂದಿನ ಅಧ್ಯಯನ ಗ್ರಂಥಾಲಯದಿಂದ ಎಡೆದೊರೆಯ ಕಡವಿನವರೆಗೂ ನಡೆಯಬೇಕಾಗಿದೆ.