ವಿಷದ ಲೆಕ್ಕ ಕೇಳಿದಾಕೆ

ಹಡಗನ್ನೇರುವ ಪ್ರತಿಯೊಂದು ಸರಕಿನ ಜೊತೆಗೂ ಒಂದು ಕಾಗದ ಪ್ರಯಾಣ ಮಾಡುತ್ತದೆ. ಮೂಟೆ ಎಷ್ಟು, ತೂಕ ಎಷ್ಟು, ಬೆಲೆ ಏನು, ಕಳುಹಿಸುವವರು ಯಾರು, ಪಡೆಯುವವರು ಯಾರು ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಸುಂಕದ ಕಟ್ಟೆಯನ್ನು ದಾಟಲು ಇಷ್ಟು ಸಾಕು. ಆದರೆ ಆ ಸರಕು ವಿಷವಾಗಿದ್ದರೆ? ತಯಾರಿಸಿದ ನಾಡಿನಲ್ಲೇ ಬಳಸಕೂಡದೆಂದು ನಿಷೇಧಿಸಿದ ವಿಷವಾಗಿದ್ದರೆ? ಆ ಸಂಗತಿಯನ್ನು ಕೊಳ್ಳುವ ನಾಡಿಗೆ ಮುಂದಾಗಿ ತಿಳಿಸಬೇಕಾದ ಹೊಣೆ ಯಾರದು? ಇಂದು ಈ ಪ್ರಶ್ನೆಗೆ ಉತ್ತರ ಹೇಳಲು ಕಾಯಿದೆಗಳಿವೆ, ರಾಷ್ಟ್ರ ರಾಷ್ಟ್ರಗಳ ನಡುವಣ ಒಪ್ಪಂದಗಳಿವೆ. ಆ ಕಾಯಿದೆಗಳ ಮೂಲವನ್ನು ಅರಸುತ್ತ ಹಿಂದೆ ಹಿಂದೆ ಹೋದಂತೆ ನನಗೆ ಎದುರಾಗುವುದು ಒಬ್ಬ ಹೆಣ್ಣುಮಗಳ ಬಾಳು. ಆಕೆ ಅಮೆರಿಕದ ರೇಚಲ್ ಕಾರ್ಸನ್. ರಫ್ತಿನ ಕಾಯಿದೆಯನ್ನು ಆಕೆ ಬರೆಯಲಿಲ್ಲ. ಅದು ಹುಟ್ಟುವ ಮುನ್ನವೇ ಕಣ್ಮುಚ್ಚಿದಳು. ಆದರೆ ಆ ಕಾಯಿದೆಯ ಜೀವಾಳವಾದ ಬೇಡಿಕೆಯನ್ನು ಮೊದಲು ಲೋಕದ ಕಿವಿಗೆ ಮುಟ್ಟುವಂತೆ ಹೇಳಿದವಳು ಆಕೆಯೇ ಎಂದು ನಾನು ತಿಳಿದಿದ್ದೇನೆ.

1907ನೆಯ ಇಸವಿ ಮೇ 27ರಂದು ಪೆನ್ಸಿಲ್ವೇನಿಯ ಸಂಸ್ಥಾನದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ ಕಾರ್ಸನ್ ಹುಟ್ಟಿದಳು. ಅಲೆಘೆನಿ ನದಿಯ ದಡದ ಊರು ಅದು. ಉಕ್ಕಿನ ಕಾರ್ಖಾನೆಗಳ ಪಿಟ್ಸ್‌ಬರ್ಗ್ ನಗರ ಅಲ್ಲಿಗೆ ದೂರವಲ್ಲ. ತಂದೆಗೆ ಕೈತುಂಬ ಸಂಪಾದನೆ ಇರಲಿಲ್ಲ. ತಾಯಿ ಮರಿಯ ಓದಿದವಳು, ಮದುವೆಗೆ ಮುನ್ನ ಉಪಾಧ್ಯಾಯಿನಿಯಾಗಿದ್ದವಳು. ಮಗಳ ಕೈ ಹಿಡಿದು ತೋಟ ಕಾಡುಗಳಲ್ಲಿ ಅಲೆದು ಹಕ್ಕಿಗಳ ಹೆಸರು ಕಲಿಸಿದವಳು ಆ ತಾಯಿಯೇ. ಹನ್ನೊಂದರ ವಯಸ್ಸಿಗೆಲ್ಲ ಮಗುವಿನ ಕತೆಯೊಂದು ಮಕ್ಕಳ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ತಾನು ಬರೆಹಗಾರ್ತಿಯಾಗುವವಳೆಂಬ ನಂಬಿಕೆಯಿಂದಲೇ ಆಕೆ ಕಾಲೇಜಿಗೆ ಹೋದಳು. ಅಲ್ಲಿ ಮೇರಿ ಸ್ಕಿಂಕರ್ ಎಂಬ ಅಧ್ಯಾಪಕಿಯ ಜೀವಶಾಸ್ತ್ರದ ಪಾಠ ಕೇಳಿ ಸಾಹಿತ್ಯವನ್ನು ಬಿಟ್ಟು ವಿಜ್ಞಾನಕ್ಕೆ ತಿರುಗಿದಳು. ಕೊನೆಗೆ ಆದದ್ದು ಎರಡರ ಕೂಡಾವಳಿ.

1929ರಲ್ಲಿ ಪದವಿ ಪಡೆದು, ಆ ಬೇಸಗೆಯಲ್ಲಿ ವುಡ್ಸ್ ಹೋಲ್ ಸಂಶೋಧನಾಲಯದಲ್ಲಿ ಕಡಲ ಜೀವಿಗಳನ್ನು ಅಭ್ಯಾಸ ಮಾಡಿ, 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಿಂದ ಪ್ರಾಣಿಶಾಸ್ತ್ರದ ಎಂ.ಎ. ಪದವಿ ಪಡೆದಳು. ಡಾಕ್ಟರೇಟಿನ ಆಸೆಯಿತ್ತು, ಬಡತನ ಬಿಡಲಿಲ್ಲ. 1935ರಲ್ಲಿ ತಂದೆ ತೀರಿಕೊಂಡರು. ಎರಡು ವರ್ಷಗಳಲ್ಲಿ ಅಕ್ಕನೂ ತೀರಿಕೊಂಡು, ಆಕೆಯ ಇಬ್ಬರು ಹೆಣ್ಣುಮಕ್ಕಳ ಭಾರವೂ ಮುದಿ ತಾಯಿಯ ಭಾರವೂ ಈ ತರುಣಿಯ ಹೆಗಲಿಗೆ ಬಂದುವು. ಹೊಟ್ಟೆಪಾಡಿಗಾಗಿ ಸರಕಾರದ ಮೀನುಗಾರಿಕೆ ಇಲಾಖೆಗೆ ರೇಡಿಯೊ ಭಾಷಣಗಳನ್ನು ಬರೆದುಕೊಟ್ಟಳು. 1936ರಲ್ಲಿ ಅದೇ ಇಲಾಖೆಯಲ್ಲಿ ಜೀವವಿಜ್ಞಾನಿಯಾಗಿ ನೇಮಕಗೊಂಡಳು. ಅಂಥ ಹುದ್ದೆಯಲ್ಲಿ ಹೆಂಗಸರನ್ನು ಕಾಣುವುದೇ ಆಗ ಅಪರೂಪವಾಗಿತ್ತು.

ಈಕೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಈ ನೌಕರಿಯ ವರ್ಷಗಳನ್ನು ಬೇಗ ದಾಟಿ ಹೋಗುತ್ತಾರೆ. ನನಗಾದರೋ ಇಲ್ಲಿಯೇ ನಿಲ್ಲಬೇಕೆನಿಸುತ್ತದೆ. ಸುಮಾರು ಹದಿನಾರು ವರ್ಷ ಆಕೆ ಸರಕಾರಿ ಕಚೇರಿಯಲ್ಲಿ ಕುಳಿತು ವಿಜ್ಞಾನಿಗಳ ವರದಿಗಳನ್ನು ತಿದ್ದಿದಳು, ಜನರಿಗೆ ತಿಳಿಯುವ ಪುಸ್ತಿಕೆಗಳಾಗಿ ಬರೆದಳು. 1949ರ ವೇಳೆಗೆ ಮತ್ಸ್ಯ ಮತ್ತು ವನ್ಯಜೀವಿ ಇಲಾಖೆಯ ಪ್ರಕಟನೆಗಳಿಗೆಲ್ಲ ಮುಖ್ಯ ಸಂಪಾದಕಿಯಾದಳು. ಕಪಾಟಿನಲ್ಲಿ ಬಿದ್ದಿರುವ ವರದಿಗೂ ಊರಿಗೆ ತಿಳಿದ ವರದಿಗೂ ಇರುವ ಅಂತರ ಎಷ್ಟೆಂಬುದನ್ನು ಆಕೆ ಕಲಿತದ್ದು ಇಲ್ಲಿ. 1945ರಲ್ಲಿಯೇ, ಡಿ.ಡಿ.ಟಿ.ಯಿಂದ ಹಕ್ಕಿ ಮೀನುಗಳಿಗೆ ಏನಾಗಬಹುದೆಂದು ಇಲಾಖೆಯವರು ನಡೆಸುತ್ತಿದ್ದ ಪರೀಕ್ಷೆಗಳನ್ನು ಕುರಿತು ಲೇಖನ ಬರೆದುಕೊಡುವೆನೆಂದು ರೀಡರ್ಸ್ ಡೈಜೆಸ್ಟ್ ಪತ್ರಿಕೆಗೆ ಸೂಚಿಸಿದಳು. ಪತ್ರಿಕೆ ಒಲ್ಲೆನೆಂದಿತು.

ಈ ನಡುವೆ ಕಡಲು ಆಕೆಯನ್ನು ಪ್ರಸಿದ್ಧಿಗೆ ತಂದಿತ್ತು. 1941ರಲ್ಲಿ ಬಂದ ಮೊದಲನೆಯ ಪುಸ್ತಕ ಯುದ್ಧದ ಗದ್ದಲದಲ್ಲಿ ಮುಳುಗಿಹೋಯಿತು. 1951ರಲ್ಲಿ ಬಂದ ‘ದಿ ಸೀ ಅರೌಂಡ್ ಅಸ್’ ಮನೆಮನೆಯ ಪುಸ್ತಕವಾಯಿತು; ಮರುವರ್ಷ ಅದಕ್ಕೆ ರಾಷ್ಟ್ರೀಯ ಗ್ರಂಥ ಬಹುಮಾನ ದೊರೆಯಿತು. 1952ರಲ್ಲಿ ಕಾರ್ಸನ್ ನೌಕರಿಗೆ ರಾಜೀನಾಮೆಯಿತ್ತು ಮೇಯ್ನ್ ತೀರದಲ್ಲಿ ಒಂದು ಮನೆ ಮಾಡಿಕೊಂಡಳು. ಅಲ್ಲಿಗೆ ನಿಂತಿದ್ದರೂ ಒಳ್ಳೆಯ ಗದ್ಯ ಬರೆದವಳೆಂಬ ಹೆಸರು ಉಳಿಯುತ್ತಿತ್ತು.

1958ರ ಜನವರಿಯಲ್ಲಿ ಮ್ಯಾಸಚೂಸೆಟ್ಸಿನ ಸ್ನೇಹಿತೆಯೊಬ್ಬಳಿಂದ ಕಾಗದ ಬಂದಿತು. ಸೊಳ್ಳೆ ಕೊಲ್ಲಲೆಂದು ವಿಮಾನದಿಂದ ಸುರಿದ ಡಿ.ಡಿ.ಟಿ.ಯಿಂದ ತನ್ನ ಪಕ್ಷಿಧಾಮದ ಹಕ್ಕಿಗಳು ಸತ್ತುವೆಂದು ಅದರಲ್ಲಿ ಬರೆದಿತ್ತು. ಲಾಂಗ್ ಐಲೆಂಡಿನಲ್ಲಿ ಇಂಥದೇ ಸಿಂಪಡಣೆಯ ವಿರುದ್ಧ ನಿವಾಸಿಗಳು ನ್ಯಾಯಾಲಯಕ್ಕೆ ಹೋಗಿದ್ದರು. ಎರಡೂ ಕಡೆ ದೂರು ಒಂದೇ: ನಮ್ಮ ನೆಲದ ಮೇಲೆ ನಮ್ಮನ್ನು ಕೇಳದೆ ವಿಷ ಹಾಕಿದರು.

ಇಲ್ಲಿ ಡಿ.ಡಿ.ಟಿ.ಗೂ ನ್ಯಾಯ ಸಲ್ಲಬೇಕು. 1939ರಲ್ಲಿ ಅದರ ಕೀಟನಾಶಕ ಗುಣವನ್ನು ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಹುಮಾನ ಬಂದದ್ದು ಸುಮ್ಮನಲ್ಲ. ನಮ್ಮ ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳಲ್ಲಿ 1946ರ ಸುಮಾರಿನಲ್ಲಿ ನಡೆದ ಡಿ.ಡಿ.ಟಿ. ಪ್ರಯೋಗಗಳು ಮಲೇರಿಯದಿಂದ ನರಳುತ್ತಿದ್ದ ಹಳ್ಳಿಗಳಿಗೆ ಉಸಿರು ಕೊಟ್ಟುವು. ಕಾರ್ಸನ್ ಇದನ್ನು ಅಲ್ಲಗಳೆದವಳಲ್ಲ. ಕೀಟನಾಶಕವನ್ನು ಎಲ್ಲಿಯೂ ಬಳಸಕೂಡದೆಂದು ಆಕೆ ಹೇಳಲಿಲ್ಲ. ಅದರ ಗುಣದೋಷಗಳನ್ನರಿಯದವರ ಕೈಗೆ ಅದನ್ನು ಲೆಕ್ಕವಿಲ್ಲದೆ ಕೊಟ್ಟಿದ್ದಾರೆಂಬುದು ಆಕೆಯ ಆಕ್ಷೇಪ. ಮನಬಂದಂತೆ ಸಿಂಪಡಿಸಿದರೆ ಸೊಳ್ಳೆಗಳೇ ಆ ವಿಷವನ್ನು ಅರಗಿಸಿಕೊಳ್ಳುವುವೆಂದೂ ಎಚ್ಚರಿಸಿದಳು. ಮುಂದೆ ಹಾಗೆಯೇ ಆಯಿತು.

ನಾಲ್ಕು ವರ್ಷ ಆ ಪುಸ್ತಕದ ಕೆಲಸ ನಡೆಯಿತು. ಅಕ್ಕನ ಮಗಳು 1957ರಲ್ಲಿಯೇ ತೀರಿಕೊಂಡಿದ್ದಳು. ಆಕೆಯ ಐದು ವರ್ಷದ ಮಗನನ್ನು ಕಾರ್ಸನ್ ದತ್ತು ತೆಗೆದುಕೊಂಡಿದ್ದಳು. 1958ರ ಕೊನೆಯಲ್ಲಿ ತಾಯಿ ಹೋದಳು. 1960ರಲ್ಲಿ ತನಗೇ ಸ್ತನದ ಕ್ಯಾನ್ಸರ್ ಇರುವುದು ತಿಳಿಯಿತು. ರೋಗದ ಸುದ್ದಿಯನ್ನು ಆಕೆ ಲೋಕಕ್ಕೆ ಹೇಳಲಿಲ್ಲ. ತನ್ನ ಬೇನೆಯ ಸಿಟ್ಟನ್ನು ರಾಸಾಯನಿಕಗಳ ಮೇಲೆ ತೀರಿಸುತ್ತಿದ್ದಾಳೆಂದು ವಿರೋಧಿಗಳು ಆಡಿಕೊಳ್ಳಲು ಎಡೆಯಾಗಬಾರದೆಂಬುದು ಆಕೆಯ ಎಣಿಕೆಯಾಗಿತ್ತು. 1962ರ ಜೂನ್ ತಿಂಗಳಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಭಾಗಗಳು ಬಂದುವು. ಸೆಪ್ಟೆಂಬರ್ 27ರಂದು ‘ಸೈಲೆಂಟ್ ಸ್ಪ್ರಿಂಗ್’ ಹೊರಬಂದಿತು. ಹಕ್ಕಿಗಳುಲಿಯದ ವಸಂತವೆಂದು ಆ ಹೆಸರಿನ ಭಾವ.

ಅದರಲ್ಲಿರುವ ಒಂದು ಪ್ರಸಂಗವನ್ನು ವಿದ್ಯಾರ್ಥಿಗಳು ತಪ್ಪದೆ ತಿಳಿದಿರಬೇಕು. ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕ್ ಸರೋವರದಲ್ಲಿ ನುಸಿಯ ಕಾಟವಿತ್ತು. 1949ರಲ್ಲಿ ಡಿ.ಡಿ.ಟಿ.ಯ ಸೋದರನಾದ ಡಿ.ಡಿ.ಡಿ.ಯನ್ನು 7 ಕೋಟಿ ಪಾಲು ನೀರಿಗೆ 1 ಪಾಲಿನಂತೆ ಬೆರೆಸಿದರು. ಇಷ್ಟು ತೆಳುವಾದ ವಿಷ ಯಾರಿಗೇನು ಮಾಡೀತು? 1954ರಲ್ಲಿಯೂ 1957ರಲ್ಲಿಯೂ ಮತ್ತೆ ಬೆರೆಸಿದರು. ಗ್ರೀಬ್ ಎಂಬ ನೀರುಹಕ್ಕಿಗಳು ಸಾಯತೊಡಗಿದುವು. ಪರೀಕ್ಷಿಸಿ ನೋಡಿದರೆ ನೀರಿನ ಸೂಕ್ಷ್ಮಜೀವಿಗಳಲ್ಲಿ ವಿಷ 10 ಲಕ್ಷಕ್ಕೆ 5 ಪಾಲು. ಅವನ್ನು ತಿಂದ ಮೀನುಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಮೀನು ತಿಂದ ಹಕ್ಕಿಯ ಕೊಬ್ಬಿನಲ್ಲಿ 1,600 ಪಾಲು. ನೀರಿಗೆ ಹಾಕಿದವರ ಲೆಕ್ಕ ನೀರಿನಲ್ಲಿ ಮುಗಿದಿತ್ತು. ವಿಷದ ಲೆಕ್ಕ ಅಲ್ಲಿಂದ ಆರಂಭವಾಗಿತ್ತು.

ಪುಸ್ತಕ ಇನ್ನೂ ಬೈಂಡಾಗುವ ಮುನ್ನವೇ ಕ್ಲೋರ್ಡೇನ್, ಹೆಪ್ಟಾಕ್ಲೋರ್ ತಯಾರಿಸುತ್ತಿದ್ದ ವೆಲ್ಸಿಕಾಲ್ ಕಂಪೆನಿ ಪ್ರಕಾಶಕರಿಗೆ ಬೆದರಿಕೆಯ ಪತ್ರ ಬರೆಯಿತು. ಪ್ರಕಾಶಕರು ಜಗ್ಗಲಿಲ್ಲ. ಭಾವುಕ ಹೆಂಗಸೆಂದು ಹಲವರು ಹಳಿದರು. ಅಣಕು ಬರೆಹಗಳು ಬಂದುವು. ಆದರೆ ಅಧ್ಯಕ್ಷ ಕೆನಡಿ ನೇಮಿಸಿದ ವಿಜ್ಞಾನಿಗಳ ಸಮಿತಿ 1963ರ ಮೇ ತಿಂಗಳ ವರದಿಯಲ್ಲಿ ಆಕೆಯ ವಾದವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಜೂನ್ 4ರಂದು ಸೆನೆಟ್ ಉಪಸಮಿತಿಯ ಮುಂದೆ ಕಾರ್ಸನ್ ಸಾಕ್ಷ್ಯ ನುಡಿದಳು. ಆಗ ಆಕೆಗೆ ಬದುಕು ಉಳಿದಿದ್ದುದು ಹತ್ತು ತಿಂಗಳು. ಅಂದು ಆಕೆ ಕೇಳಿದ್ದು ದೊಡ್ಡ ವರವನ್ನೇನಲ್ಲ. ಪರರು ಹಾಕುವ ವಿಷ ತನ್ನ ಮನೆಯೊಳಗೆ ನುಗ್ಗದಂತೆ ಪ್ರಜೆಗೆ ರಕ್ಷಣೆ ಬೇಕು. ಕೊನೆಯ ಪಕ್ಷ, ಸಿಂಪಡಿಸುವ ಮುನ್ನ ಅಲ್ಲಿಯವರಿಗೆ ಸೂಚನೆ ಕೊಟ್ಟು ಅವರ ಮಾತನ್ನು ಕೇಳಬೇಕು. ಮುಂಚಿತವಾಗಿ ತಿಳಿಸಿ ಎಂಬ ಈ ಸಣ್ಣ ಬೇಡಿಕೆಯೇ ಆಕೆ ಬಿಟ್ಟುಹೋದ ದೊಡ್ಡ ಆಸ್ತಿ.

1964ರ ಏಪ್ರಿಲ್ 14ರಂದು, 56ನೆಯ ವಯಸ್ಸಿನಲ್ಲಿ, ಕಾರ್ಸನ್ ತೀರಿಕೊಂಡಳು. ಅಲ್ಲಿಯವರೆಗೆ ಅಮೆರಿಕದಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು: ಸರಕಾರ ನಿರಾಕರಿಸಿದ ಕೀಟನಾಶಕವನ್ನೂ ಕಂಪೆನಿ ತನ್ನ ಪ್ರತಿಭಟನೆ ಸೂಚಿಸಿ ನೋಂದಾಯಿಸಿಕೊಂಡು ಮಾರಬಹುದಾಗಿತ್ತು. ಮರುತಿಂಗಳೇ ಆದ ತಿದ್ದುಪಡಿಯಿಂದ ಅದು ನಿಂತಿತು. 1970ರಲ್ಲಿ ಪರಿಸರ ರಕ್ಷಣಾ ಸಂಸ್ಥೆ ಹುಟ್ಟಿತು, 1972ರಲ್ಲಿ ಡಿ.ಡಿ.ಟಿ.ಯ ಬಳಕೆ ಅಲ್ಲಿ ಬಹುಪಾಲು ನಿಷಿದ್ಧವಾಯಿತು. ಆದರೆ ರಫ್ತು ನಿಲ್ಲಲಿಲ್ಲ. ತನ್ನ ಮನೆಯಂಗಳದಲ್ಲಿ ಸಲ್ಲದ್ದು ನೆರೆಯವನ ಹೊಲದಲ್ಲಿ ಸಲ್ಲುತ್ತಿತ್ತು. ವೆಲ್ಸಿಕಾಲ್ ಕಂಪೆನಿಯ ಲೆಪ್ಟೊಫಾಸ್ ಎಂಬ ಕೀಟನಾಶಕಕ್ಕೆ ಅಮೆರಿಕದೊಳಗೆ ಮಾರಾಟದ ನೋಂದಣಿಯೇ ಇರಲಿಲ್ಲ. ಅದು ಹೋದ ಈಜಿಪ್ಟಿನಲ್ಲಿ 1971ರಲ್ಲಿ ಸಾವಿರಕ್ಕೂ ಹೆಚ್ಚು ಎಮ್ಮೆಗಳು ಸತ್ತುವು.

ಅದೇ ವರ್ಷ ಇರಾಕಿನಲ್ಲಿ ನಡೆದದ್ದು ಇನ್ನೂ ಘೋರ. ಬರದಿಂದ ಬಳಲಿದ ಆ ನಾಡು ಬಿತ್ತನೆಗಾಗಿ ಗೋಧಿ ತರಿಸಿತು. ಬಹುಪಾಲು ಬಂದದ್ದು ಮೆಕ್ಸಿಕೋದಿಂದ. ಬೂಷ್ಟು ಹಿಡಿಯದಂತೆ ಬೀಜಕ್ಕೆ ಪಾದರಸದ ಸಂಯುಕ್ತವನ್ನು ಸವರಿ, ಗುರುತಿಗೆ ಕೆಂಬಣ್ಣ ಹಾಕಿದ್ದರು. ಮೂಟೆಯ ಮೇಲಿನ ಎಚ್ಚರಿಕೆ ಸ್ಪಾನಿಷ್, ಇಂಗ್ಲಿಷ್ ಭಾಷೆಗಳಲ್ಲಿತ್ತು. ಹಸಿದ ರೈತರು ಬೀಜವನ್ನು ತೊಳೆದರು. ಬಣ್ಣ ಹೋಯಿತು, ವಿಷ ಹೋಗಲಿಲ್ಲ. ಅದೇ ಗೋಧಿಯ ರೊಟ್ಟಿ ತಿಂದರು. ವಾರಗಳು ಕಳೆದ ಮೇಲೆ ಕೈಕಾಲು ಜೋಮು ಹಿಡಿದುವು, ಕಣ್ಣು ಮಂಜಾಯಿತು. ಆಸ್ಪತ್ರೆ ಸೇರಿದವರು 6,530. ಅಲ್ಲಿ ಸತ್ತವರು 459. ಎಚ್ಚರಿಕೆಯನ್ನು ಬರೆದದ್ದು ನಿಜ. ಅದು ತಿಳಿಯಬೇಕಾದವನಿಗೆ ತಿಳಿಯದೆ ಹೋದದ್ದೂ ಅಷ್ಟೇ ನಿಜ.

ಅಮೆರಿಕದ ಶಾಸನ ಸ್ವಲ್ಪ ಕಣ್ತೆರೆಯಿತು. 1976ರ ವಿಷವಸ್ತು ನಿಯಂತ್ರಣ ಕಾಯಿದೆಯ 12ನೆಯ ವಿಧಿಯ ಪ್ರಕಾರ, ನಿರ್ಬಂಧಕ್ಕೊಳಗಾದ ರಾಸಾಯನಿಕವನ್ನು ಹೊರಗೆ ಕಳುಹಿಸುವ ಕಂಪೆನಿ ಪರಿಸರ ರಕ್ಷಣಾ ಸಂಸ್ಥೆಗೆ ವರದಿ ಕೊಡಬೇಕು. ರಫ್ತಿನ ನಿಶ್ಚಯವಾದ 7 ದಿನಗಳೊಳಗೆ ಅಥವಾ ಸರಕು ಹೊರಡುವ ದಿನ, ಯಾವುದು ಮೊದಲೋ ಆಗ, ಆ ಪತ್ರ ಹೋಗಬೇಕು. ಸಂಸ್ಥೆ ಕೊಳ್ಳುವ ನಾಡಿನ ಸರಕಾರಕ್ಕೆ ತಿಳಿಸಬೇಕು. 1978ರಲ್ಲಿ ಕೀಟನಾಶಕ ಕಾಯಿದೆಯೂ ತಿದ್ದುಪಡಿಯಾಯಿತು: ಅಮೆರಿಕದಲ್ಲಿ ನೋಂದಣಿಯಿಲ್ಲದ ಔಷಧವೆಂಬುದನ್ನು ತಾನು ಬಲ್ಲೆನೆಂದು ಹೊರದೇಶದ ಗಿರಾಕಿ ಸಹಿ ಹಾಕಬೇಕು, ಅದರ ಪ್ರತಿ ಅವನ ಸರಕಾರಕ್ಕೆ ಮುಟ್ಟಬೇಕು. ಇವು ರಫ್ತನ್ನು ತಡೆಯುವ ವಿಧಿಗಳಲ್ಲ, ತಿಳಿಸುವ ವಿಧಿಗಳು. 1981ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್ ಇನ್ನೊಂದು ಹೆಜ್ಜೆ ಮುಂದಿಟ್ಟು ಅಪಾಯಕರ ವಸ್ತುಗಳ ರಫ್ತಿಗೆ ಬಿಗಿ ನಿಯಮ ಹೊರಡಿಸಿದ. ಮರುತಿಂಗಳೇ ಹೊಸ ಅಧ್ಯಕ್ಷ ರೇಗನ್ ಅದನ್ನು ರದ್ದುಮಾಡಿದ.

ಕಾರ್ಸನ್ ತನ್ನ ನಾಡಿನ ಹಳ್ಳಿಗಳಿಗಾಗಿ ಕೇಳಿದ ಮುಂಚಿತ ಸೂಚನೆ ದೇಶದೇಶಗಳ ನಡುವಣ ನಿಯಮವಾದದ್ದು 1998ರ ರಾಟರ್‌ಡ್ಯಾಮ್ ಒಪ್ಪಂದದಿಂದ. 2004ರಲ್ಲಿ ಅದು ಜಾರಿಗೆ ಬಂದಿತು. ಅದರ ಪಟ್ಟಿಯಲ್ಲಿರುವ ವಸ್ತುವನ್ನು ಕೊಳ್ಳುವ ದೇಶದ ತಿಳಿದ ಒಪ್ಪಿಗೆಯಿಲ್ಲದೆ ಕಳುಹಿಸಕೂಡದು. ಸ್ವದೇಶದಲ್ಲಿ ನಿಷೇಧಿಸಿದ ವಸ್ತುವನ್ನು ಕಳುಹಿಸುವಾಗ ಪ್ರತಿ ವರ್ಷದ ಮೊದಲ ರಫ್ತಿಗೆ ಮುನ್ನ ಸೂಚನೆ ಕೊಡಬೇಕು. ಭಾರತ 2005ರಲ್ಲಿ ಅದನ್ನು ಸೇರಿತು. ಕಾರ್ಸನ್ನಳ ಅಮೆರಿಕ ಸಹಿ ಹಾಕಿತೇ ಹೊರತು ಸ್ಥಿರೀಕರಿಸಿಲ್ಲ.

ಇದು ಪರದೇಶದ ಕತೆಯೆಂದು ನಾವು ಸುಮ್ಮನಿರುವಂತಿಲ್ಲ. ಕಾಸರಗೋಡು, ದಕ್ಷಿಣ ಕನ್ನಡಗಳ ಗೇರುತೋಟಗಳ ಮೇಲೆ ಹಲವು ವರ್ಷ ಹೆಲಿಕಾಪ್ಟರಿನಿಂದ ಎಂಡೊಸಲ್ಫಾನ್ ಸುರಿಯಿತು. ಕೆಳಗಿನ ಮನೆಗಳಲ್ಲಿ ತೆರೆದ ಬಾವಿಗಳಿದ್ದುವು, ಬಸುರಿಯರಿದ್ದರು, ಮಕ್ಕಳಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿಕೆಯನ್ನೂ ಮಾರಾಟವನ್ನೂ ತಡೆಯುವವರೆಗೆ ಅದನ್ನು ತಯಾರಿಸಿ ಹೊರನಾಡುಗಳಿಗೆ ಕಳುಹಿಸುತ್ತಿದ್ದವರಲ್ಲಿ ಭಾರತವೇ ಮುಂದಿತ್ತು. ವಿಷವನ್ನು ಉಂಡ ನಾಡೂ ನಮ್ಮದೇ, ಮಾರಿದ ನಾಡೂ ನಮ್ಮದೇ.

ವರದಿಯೊಂದರಿಂದ ವಿಷ ಅಮೃತವಾಗುವುದಿಲ್ಲ, ನಿಜ. ಕಂಪೆನಿಯಿಂದ ಸರಕಾರಕ್ಕೆ, ಅಲ್ಲಿಂದ ಇನ್ನೊಂದು ಸರಕಾರಕ್ಕೆ ಹೋದ ಕಾಗದ ಅಲ್ಲಿನ ಕಡತದಲ್ಲಿಯೇ ಮಲಗಿದರೆ ಇರಾಕಿನ ರೈತನಿಗೆ ಅದರಿಂದ ಪ್ರಯೋಜನವಿರಲಿಲ್ಲ. ಆದರೆ ಅಷ್ಟೂ ಕಾಗದವಿಲ್ಲದ ಕಡೆ ಪ್ರಶ್ನೆ ಕೇಳುವುದಕ್ಕೂ ಆಧಾರವಿರುವುದಿಲ್ಲ. ಹದಿನಾರು ವರ್ಷ ಸರಕಾರಿ ವರದಿಗಳನ್ನು ಜನರ ಮಾತಿಗೆ ತಂದವಳು ಕೊನೆಯ ಪುಸ್ತಕದಲ್ಲಿ ಮಾಡಿದ್ದೂ ಅದೇ ಕೆಲಸ. ಸೂಚನೆ ಕಚೇರಿಯ ಬಾಗಿಲನ್ನು ದಾಟಿ ಹೊಲದ ಬದುವಿಗೆ, ಹೊಲದವನ ಭಾಷೆಯಲ್ಲಿ, ಮುಟ್ಟುವವರೆಗೆ ರೇಚಲ್ ಕಾರ್ಸನ್ ಕೇಳಿದ ಲೆಕ್ಕ ಚುಕ್ತಾ ಆಗುವುದಿಲ್ಲವೆಂದು ನನ್ನ ಭಾವನೆ.