ತಿರುಪಿಗೆ ಅಳತೆ ಕೊಟ್ಟ ವಿಟ್‌ವರ್ತ್

ಮಕ್ಕಳೇ, ಸಂಶಿಯಲ್ಲಿ ಕೊಂಡ ಬೋಲ್ಟಿಗೆ ಅದೇ ಅಳತೆಯ ನಟ್ಟನ್ನು ಹುಬ್ಬಳ್ಳಿಯಿಂದ ತಂದರೂ ಕೂಡುತ್ತದೆ. ಇನ್ನೂರು ವರ್ಷಗಳ ಹಿಂದೆ ಹೀಗಿರಲಿಲ್ಲ. ಪ್ರತಿ ಕಾರ್ಖಾನೆಯೂ ತನಗೆ ತೋಚಿದಂತೆ ತಿರುಪಿನ ಎಳೆ ಕೊರೆಯುತ್ತಿತ್ತು. ಬೋಲ್ಟು ಮುರಿದರೆ ಅದನ್ನು ಮಾಡಿದವರನ್ನೇ ಹುಡುಕಬೇಕು!

ಈ ತೊಡಕನ್ನು ಬಿಡಿಸಿದವರು ಜೋಸೆಫ್ ವಿಟ್‌ವರ್ತ್. 1803ರಲ್ಲಿ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ಹುಟ್ಟಿದರು. ಬಂಧುವಿನ ಹತ್ತಿ ಗಿರಣಿಗೆ ಸೇರಿದರೂ ಅವರ ಮನಸ್ಸೆಲ್ಲ ಯಂತ್ರಗಳ ಮೇಲೆ. 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಖಾನೆ ತೆರೆದರು. ಹಲವು ಕಾರ್ಖಾನೆಗಳ ತಿರುಪುಗಳನ್ನು ತರಿಸಿ ಅಳೆದು, 1841ರಲ್ಲಿ ಒಂದು ಪದ್ಧತಿ ಸೂಚಿಸಿದರು. ಎಳೆಯ ಕೋನ ಎಲ್ಲಕ್ಕೂ 55 ಡಿಗ್ರಿ. ಎಳೆಗಳ ಸಂಖ್ಯೆ ಬೋಲ್ಟಿನ ದಪ್ಪಕ್ಕೆ ತಕ್ಕಂತೆ.

ಇದರ ಬೆಲೆ ತಿಳಿದದ್ದು ಕ್ರಿಮಿಯಾ ಯುದ್ಧದಲ್ಲಿ. ಬ್ರಿಟನ್ನಿನ ನೌಕಾಪಡೆಗೆ ಉಗಿದೋಣಿಗಳಿಗಾಗಿ 90 ಜೊತೆ ಎಂಜಿನ್ ತುರ್ತಾಗಿ ಬೇಕಾದವು. ಒಂದೇ ಕಾರ್ಖಾನೆಗೆ ಆಗುವ ಮಾತಲ್ಲ. ಎಂಜಿನಿಯರ್ ಜಾನ್ ಪೆನ್ ಮಾದರಿ ಎಂಜಿನ್ನುಗಳನ್ನು ಬಿಚ್ಚಿ, ಒಂದೊಂದು ಭಾಗವನ್ನು ಒಂದೊಂದು ಕಾರ್ಖಾನೆಗೆ ಹಂಚಿದರು. ವಿಟ್‌ವರ್ತ್ ಅಳತೆಯಲ್ಲಿ ತಯಾರಾಗಿ ಬಂದ ಭಾಗಗಳು ಒಂದಕ್ಕೊಂದು ಕೂಡಿದವು. ಸುಮಾರು 90 ದಿನಗಳಲ್ಲಿ ಎಂಜಿನ್ನುಗಳು ಸಿದ್ಧ!

ವಿಟ್‌ವರ್ತ್ 1887ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅಮೆರಿಕ 60 ಡಿಗ್ರಿಯ ಬೇರೆ ಎಳೆಯನ್ನು ಬಳಕೆಗೆ ತಂದಿತ್ತು. ಅರ್ಧ ಅಂಗುಲದ ವಿಟ್‌ವರ್ತ್ ಬೋಲ್ಟಿಗೆ ಅಂಗುಲಕ್ಕೆ 12 ಎಳೆ, ಅಮೆರಿಕದ್ದಕ್ಕೆ 13. ನೋಡಲು ಒಂದೇ, ಆದರೆ ಕೂಡುವುದಿಲ್ಲ. ಇಂದು ಮೋಟಾರು ದೋಣಿಗೆ ಹೊಸ ಎಂಜಿನ್ ಕೂರಿಸುವ ಮೆಕ್ಯಾನಿಕ್ ಕೂಡ ಮೊದಲು ಎಳೆ ಎಣಿಸುತ್ತಾನೆ.