ರಾಕ್ಷಸನ ಬೂದಿಯೋ, ದನದ ಸಗಣಿಯೋ? ನಮ್ಮ ನೆಲದಲ್ಲಿ ಆದಿಮಾನವನ ಗುರುತು ಹುಡುಕಿದ ಬ್ರೂಸ್ ಫೂಟ್ ಕಥೆ

ಘಟೋತ್ಕಚನ ಅಸ್ಥಿಪಂಜರ ಸಿಕ್ಕಿದೆ ಎಂಬ ಫಾರ್ವರ್ಡ್ ನಿಮ್ಮ ವಾಟ್ಸಾಪ್ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ದೊಡ್ಡ ಗುಂಡಿಯಲ್ಲಿ ಭಾರೀ ತಲೆಬುರುಡೆ, ಪಕ್ಕದಲ್ಲಿ ಇರುವೆಯಷ್ಟು ಚಿಕ್ಕದಾಗಿ ಕಾಣುವ ಮನುಷ್ಯ. ಆ ಚಿತ್ರ ನಿಜವಲ್ಲ. ಅಮೆರಿಕದಲ್ಲಿ ಆನೆಯ ದೂರದ ಸಂಬಂಧಿಯಾದ ಮ್ಯಾಸ್ಟೊಡಾನ್ ಪ್ರಾಣಿಯ ಎಲುಬುಗಳನ್ನು ಅಗೆದು ತೆಗೆಯುತ್ತಿದ್ದ ಜಾಗದ ಫೋಟೊಗೆ, 2002ರಲ್ಲಿ ಒಬ್ಬ ಕಲಾವಿದ ಫೋಟೊ ಎಡಿಟಿಂಗ್ ಸ್ಪರ್ಧೆಗಾಗಿ ಮನುಷ್ಯನ ಅಸ್ಥಿಪಂಜರ ಅಂಟಿಸಿದ್ದ. ಅಷ್ಟೇ ವಿಷಯ.

ಇದರ ಜೊತೆಗೇ ಓಡಾಡುವ ಇನ್ನೊಂದು ಫಾರ್ವರ್ಡ್ ಇದೆ. ಮನುಷ್ಯ ವಿಕಾಸ ಹೊಂದಿ ಬಂದ ಎನ್ನುವುದು ಹೊರದೇಶದವರ ಕಥೆ, ನಮ್ಮ ನೆಲದಲ್ಲಿ ಅದಕ್ಕೆ ಪುರಾವೆಯೇ ಇಲ್ಲ ಎಂದು ಅದು ಹೇಳುತ್ತದೆ. ಇದೂ ತಪ್ಪು. ಪುರಾವೆ ನಮ್ಮ ಹೊಲ, ಹಳ್ಳ, ಗುಡ್ಡಗಳಲ್ಲೇ ಬಿದ್ದಿದೆ. ಅದನ್ನು ಮೊದಲು ಗುರುತು ಹಿಡಿದು, ಆರಿಸಿ, ಪಟ್ಟಿ ಮಾಡಿದ ಮನುಷ್ಯನ ಹೆಸರು ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗಿತಿಹಾಸದ ಪಿತಾಮಹ ಎಂದು ಇತಿಹಾಸದ ಪುಸ್ತಕಗಳು ಕರೆಯುವುದು ಇವರನ್ನೇ.

ಯಾರು ಈ ಫೂಟ್?

ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದಾಗ ಅವರಿಗೆ 24 ವರ್ಷ. ಕೆಲಸ ದಕ್ಷಿಣ ಭಾರತದಲ್ಲಿ. ಯಾವ ಬಂಡೆ ಎಲ್ಲಿದೆ, ಯಾವ ಪದರದ ಮೇಲೆ ಯಾವ ಪದರ ಕೂತಿದೆ ಎಂದು ನೋಡಿ ನಕ್ಷೆ ಬರೆಯುವುದೇ ಅವರ ಉದ್ಯೋಗ.

ಅದು ಲೋಕದ ವಿಜ್ಞಾನದಲ್ಲಿ ದೊಡ್ಡ ಅಲೆ ಎದ್ದ ಕಾಲ. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ಅವರ ಜೀವಸಂಕುಲಗಳ ಉಗಮದ ಪುಸ್ತಕ ಹೊರಬಂತು. ಅದೇ ವರ್ಷ ಫ್ರಾನ್ಸಿನ ಸೋಮ್ ನದಿ ಕಣಿವೆಯಲ್ಲಿ, ಅಳಿದುಹೋದ ಪ್ರಾಣಿಗಳ ಎಲುಬಿನ ಜೊತೆ ಸಿಕ್ಕಿದ್ದ ಕಲ್ಲಿನ ಉಪಕರಣಗಳು ಮನುಷ್ಯರೇ ಮಾಡಿದವು ಎಂದು ಬ್ರಿಟಿಷ್ ವಿಜ್ಞಾನಿಗಳು ಒಪ್ಪಿಕೊಂಡರು. ಮನುಷ್ಯ ಭೂಮಿಗೆ ಬಂದು ಆರು ಸಾವಿರ ವರ್ಷ ಆಯಿತಷ್ಟೇ ಎಂದು ನಂಬಿದ್ದ ಯುರೋಪಿಗೆ ಇದು ಆಘಾತ. ಹಾಗಾದರೆ ಭಾರತದಲ್ಲೂ ಅಂಥ ಕಲ್ಲುಗಳು ಇರಬೇಕಲ್ಲವೇ ಎಂಬ ಪ್ರಶ್ನೆ ಫೂಟ್ ಅವರ ತಲೆಗೆ ಹೊಕ್ಕಿತು.

ಉತ್ತರ ಸಿಕ್ಕಿದ್ದು 1863ರ ಮೇ 30ರಂದು. ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಜಂಬಿಟ್ಟಿಗೆ ಕಲ್ಲಿನ ಗರಸಿನ ನಡುವೆ ಕೆತ್ತಿದ ಒಂದು ಕಲ್ಲು ಅವರ ಕಣ್ಣಿಗೆ ಬಿತ್ತು. ಅದು ಹಳೆ ಶಿಲಾಯುಗದ ಉಪಕರಣ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೊತೆಗಾರ ವಿಲಿಯಂ ಕಿಂಗ್ ಅವರೊಂದಿಗೆ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನೂ ಹಲವು ಕೈಗೊಡಲಿಗಳು ಸಿಕ್ಕವು. ಭಾರತದಲ್ಲಿ ಆದಿಮಾನವನ ಅಧ್ಯಯನ ಶುರುವಾದದ್ದು ಹೀಗೆ.

ಕಲ್ಲು ತಾನಾಗಿ ಒಡೆದದ್ದಲ್ಲ ಎಂದು ಹೇಗೆ ಗೊತ್ತು?

ಇದು ನ್ಯಾಯವಾದ ಪ್ರಶ್ನೆ. ಹಳ್ಳದಲ್ಲಿ ಉರುಳಿದ ಕಲ್ಲೂ ಒಡೆಯುತ್ತದೆ. ಆದರೆ ಅದು ಅಡ್ಡಾದಿಡ್ಡಿ ಒಡೆಯುತ್ತದೆ. ಕೈಗೊಡಲಿಯಲ್ಲಿ ಎರಡೂ ಮುಖದಿಂದ, ಒಂದರ ಪಕ್ಕ ಒಂದರಂತೆ, ಅಂಚು ಹರಿತವಾಗುವ ಹಾಗೆ ಚಕ್ಕೆ ಎಬ್ಬಿಸಿರುತ್ತಾರೆ. ಅದೇ ಆಕಾರ ನೂರಾರು ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆತ್ತುವಾಗ ಹಾರಿದ ಚಕ್ಕೆಗಳೂ ಪಕ್ಕದಲ್ಲೇ ಬಿದ್ದಿರುತ್ತವೆ. ಒಂದೇ ಕಲ್ಲು ನೋಡಿ ತೀರ್ಪು ಕೊಡದೆ, ಕಲ್ಲು ಯಾವ ಪದರದಲ್ಲಿ ಸಿಕ್ಕಿತು, ಸುತ್ತ ಏನಿತ್ತು ಎಂದು ಫೂಟ್ ಬರೆದಿಟ್ಟರು. ಅವರ ಕೆಲಸ ಇವತ್ತಿಗೂ ನಿಂತಿರುವುದು ಅದಕ್ಕೇ.

ಬಳ್ಳಾರಿಯ ಬೂದಿಗುಡ್ಡಗಳು

ಫೂಟ್ ಅವರ ಬದುಕಿನ ಬಹುಭಾಗ ಕಳೆದದ್ದು ನಮ್ಮ ಸೀಮೆಯ ಸುತ್ತಮುತ್ತ. ಬಳ್ಳಾರಿ ಜಿಲ್ಲೆಯ ಬಂಡೆಗಳ ಬಗ್ಗೆ ಇಡೀ ಗ್ರಂಥವನ್ನೇ ಬರೆದರು. ಚಿತ್ರದುರ್ಗದ ಬೆಟ್ಟಗಳೂ ಸೇರುವ ಹಳೆಯ ಬಂಡೆಗಳ ಸಾಲಿಗೆ ಧಾರವಾಡ ಎಂಬ ಹೆಸರು ಕೊಟ್ಟವರು ಅವರೇ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರೂ ಅವರೇ.

ಬಳ್ಳಾರಿ ಸೀಮೆಯಲ್ಲಿ ಬೂದಿಯ ದಿಬ್ಬಗಳಿವೆ. ಕುಡತಿನಿ ಹತ್ತಿರದ ದಿಬ್ಬ ಭೀಮ ಕೊಂದ ಹಿಡಿಂಬಾಸುರನ ಚಿತಾಬೂದಿ ಎಂದು ಜನ ಹೇಳುತ್ತಿದ್ದರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯ ಚಿತೆಯದು ಎಂಬ ಮಾತಿದೆ. ಅಷ್ಟು ಬೂದಿ ಎಲ್ಲಿಂದ ಬಂತು ಎಂದು ಜನರಿಗೆ ಸೋಜಿಗವಾದದ್ದು ಸಹಜ. ಜ್ವಾಲಾಮುಖಿ, ಕಬ್ಬಿಣ ಕರಗಿಸಿದ ಕುಲುಮೆ, ನರಬಲಿ ಎಂದು ಓದಿದವರೂ ಬಗೆಬಗೆಯಾಗಿ ಊಹಿಸಿದ್ದರು.

ಫೂಟ್ ದಿಬ್ಬಗಳನ್ನು ನೋಡಿದರು. ಸುತ್ತ ನಯಗೊಳಿಸಿದ ಕಲ್ಲಿನ ಕೊಡಲಿ, ಬೀಸುವ ಕಲ್ಲು, ಮಡಕೆ ಚೂರು, ದನದ ಎಲುಬು. ಅವರ ತೀರ್ಮಾನ ಬಹಳ ಸರಳ. ಇಲ್ಲಿ ನವಶಿಲಾಯುಗದ ಜನ ಮುಳ್ಳುಬೇಲಿ ಕಟ್ಟಿ ದನ ಕೂಡುತ್ತಿದ್ದರು, ರಾಶಿ ಬಿದ್ದ ಸಗಣಿ ಸುಟ್ಟು ಬೂದಿಯಾಗಿದೆ. ಕುರಿ ರೊಪ್ಪ, ದನದ ದೊಡ್ಡಿ ನೋಡಿ ಬೆಳೆದ ಚಳ್ಳಕೆರೆ, ಮೊಳಕಾಲ್ಮೂರಿನವರಿಗೆ ಇದು ಕೂಡಲೇ ಅರ್ಥವಾಗುವ ಮಾತು.

ಅನೇಕ ವರ್ಷ ಇದು ಬರೀ ಅಭಿಪ್ರಾಯವಾಗಿಯೇ ಇತ್ತು. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬವನ್ನು ರೇಮಂಡ್ ಆಲ್ಚಿನ್ ಅಗೆದರು. ಒಳಗೆ ಗೂಟ ನೆಟ್ಟ ಗುಳಿಗಳ ಸಾಲು, ದನದ ಗೊರಸಿನ ಗುರುತು ಸಿಕ್ಕವು. ಬೂದಿಯನ್ನು ಪರೀಕ್ಷಿಸಿದಾಗಲೂ ಅದು ಸಗಣಿಯದೇ ಎಂದು ಖಚಿತವಾಯಿತು. ಫೂಟ್ ತೀರಿಕೊಂಡು ಆಗಲೇ ನಾಲ್ಕು ದಶಕ ಕಳೆದಿತ್ತು.

ಜನಪದ ಕಥೆ ಸುಳ್ಳು, ಅದನ್ನು ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಕಥೆಗೆ ಕಥೆಯ ಬೆಲೆ ಇದೆ. ಆದರೆ ಇದು ಯಾವುದರ ಬೂದಿ ಎಂದು ಕೇಳಿದರೆ ಉತ್ತರ ಕೊಡಬೇಕಾದದ್ದು ಬೂದಿಯೇ.

ಮೊಳಕಾಲ್ಮೂರಿಗೂ ಇದಕ್ಕೂ ಏನು ನಂಟು?

ನಮ್ಮ ತಾಲೂಕಿನ ಸಿದ್ದಾಪುರದ ಬಳಿಯ ಬ್ರಹ್ಮಗಿರಿ ಎಂದರೆ ಎಲ್ಲರಿಗೂ ನೆನಪಾಗುವುದು ಅಶೋಕನ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಆದರೆ ಅಲ್ಲಿಯ ಮಣ್ಣಿನ ಕಥೆ ಅಶೋಕನಿಗಿಂತ ಬಹಳ ಹಳೆಯದು. 1940ರ ದಶಕದಲ್ಲಿ ಮೊದಲು ಮೈಸೂರಿನ ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿದರು. ಮೇಲೆ ಶಾತವಾಹನರ ಕಾಲದ ಪದರ, ಅದರ ಕೆಳಗೆ ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಗಳ ಜನರ ಪದರ, ಅದಕ್ಕೂ ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿಯವರ ಪದರ. ಫೂಟ್ ಬಳ್ಳಾರಿಯಲ್ಲಿ ಆರಿಸಿದ ಕೊಡಲಿಗಳು ಯಾವ ಕಾಲಕ್ಕೆ ಸೇರಿದವು ಎಂಬ ಕ್ರಮ ಬ್ರಹ್ಮಗಿರಿಯ ಮಣ್ಣಿನಲ್ಲಿ ಒಂದರ ಮೇಲೊಂದು ಕಾಣಿಸಿತು.

ಇದರಿಂದ ವಿಕಾಸ ಸಾಬೀತಾಗುತ್ತದೆಯೇ?

ಇಲ್ಲಿ ಎಚ್ಚರ ಬೇಕು. ಕಲ್ಲಿನ ಕೊಡಲಿ ಒಂದೇ ವಿಕಾಸವನ್ನು ಸಾಬೀತು ಮಾಡುವುದಿಲ್ಲ. ಅದು ತೋರಿಸುವುದು ಕಾಲದ ಆಳವನ್ನು. ಫೂಟ್ ಹುಡುಕಿದ ಅತ್ತಿರಂಪಾಕ್ಕಂನ ಅತಿ ಹಳೆಯ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಮ್ಮ ಯಾದಗಿರಿ ಜಿಲ್ಲೆಯ ಇಸಾಂಪುರದ ಉಪಕರಣಗಳಿಗೆ ಸುಮಾರು 12 ಲಕ್ಷ ವರ್ಷ. ಆದರೆ ನಮ್ಮಂಥ ಮನುಷ್ಯರ, ಅಂದರೆ ಹೋಮೋ ಸೇಪಿಯನ್ಸ್‌ನ, ಅತಿ ಹಳೆಯ ಎಲುಬುಗಳಿಗೆ ಸುಮಾರು 3 ಲಕ್ಷ ವರ್ಷ ಮಾತ್ರ. ಹಾಗಾದರೆ ಆ ಕಲ್ಲು ಕೆತ್ತಿದವರು ಯಾರು? ನಮಗಿಂತ ಮುಂಚಿನ, ಬೇರೆ ಬಗೆಯ ಮಾನವರು. ಅಂಥ ಹಳೆಯ ಮಾನವನ ತಲೆಬುರುಡೆಯ ಭಾಗ 1982ರಲ್ಲಿ ಮಧ್ಯಪ್ರದೇಶದ ನರ್ಮದಾ ದಂಡೆಯ ಹಥ್ನೋರಾದಲ್ಲಿ ಸಿಕ್ಕಿತು.

ಫೂಟ್ ಕೂಡ ಇಂಥ ಎಲುಬಿಗಾಗಿ ಹುಡುಕಿದ್ದರು. ಡಾರ್ವಿನ್ ಪರ ವಾದಿಸುತ್ತಿದ್ದ ಥಾಮಸ್ ಹಕ್ಸ್‌ಲಿ ಅವರ ಸಲಹೆಯಂತೆ 1884ರಲ್ಲಿ ಕರ್ನೂಲಿನ ಬಿಲ್ಲ ಸುರ್ಗಂ ಗುಹೆಗಳನ್ನು ಅಗೆದರು. ಮಗ ಹೆನ್ರಿಯೂ ಕೈಜೋಡಿಸಿದ. ಈಗ ಆ ಸೀಮೆಯಲ್ಲಿಲ್ಲದ ಘೇಂಡಾಮೃಗವೂ ಸೇರಿ ಅನೇಕ ಪ್ರಾಣಿಗಳ ಎಲುಬು ಸಿಕ್ಕವು. ಹುಡುಕುತ್ತಿದ್ದ ಆದಿಮಾನವನ ಎಲುಬು ಸಿಗಲಿಲ್ಲ. ಸಿಕ್ಕಿತು ಎಂದು ಅವರು ಹೇಳಿಕೊಳ್ಳಲೂ ಇಲ್ಲ.

ನಿಸರ್ಗದ ಆಯ್ಕೆ ಎಂದರೇನು?

ಕುರಿಗಾರ ಯಾವ ಟಗರನ್ನು ತಳಿಗೆ ಬಿಡುತ್ತಾನೆ? ಗಟ್ಟಿಮುಟ್ಟಾದ, ಒಳ್ಳೆಯ ಉಣ್ಣೆ ಕೊಡುವುದನ್ನು. ಚಳ್ಳಕೆರೆಯ ಕಾವಲುಗಳಲ್ಲಿ ಮೇದ ಅಮೃತ್ ಮಹಲ್ ದನಗಳೂ ಹೀಗೆ ಮನುಷ್ಯ ಆರಿಸಿ ರೂಪಿಸಿದ ತಳಿ. ಈಗ ಕುರಿಗಾರನ ಜಾಗದಲ್ಲಿ ಬರಗಾಲವನ್ನು ಇಟ್ಟು ನೋಡಿ. ಹಿಂಡಿನಲ್ಲಿ ಎಲ್ಲವೂ ಒಂದೇ ಥರ ಇರುವುದಿಲ್ಲ. ಒಣಮೇವು, ಕಡಿಮೆ ನೀರು ತಡೆದುಕೊಳ್ಳುವವು ಬದುಕಿ ಮರಿ ಹಾಕುತ್ತವೆ, ಆ ಗುಣ ಮರಿಗಳಿಗೂ ಬರುತ್ತದೆ. ತಲೆಮಾರುಗಳು ಕಳೆದಂತೆ ಹಿಂಡು ಬದಲಾಗುತ್ತದೆ. ಇದೇ ನಿಸರ್ಗದ ಆಯ್ಕೆ. ಒಂದು ಕುರಿ ತನ್ನ ಆಯುಸ್ಸಿನಲ್ಲಿ ಬದಲಾಗುವುದಿಲ್ಲ, ಬದಲಾಗುವುದು ಹಿಂಡು.

ಮನುಷ್ಯರಲ್ಲೂ ಇದರ ಗುರುತಿದೆ, ಅದೂ ದನಕ್ಕೇ ಸಂಬಂಧಪಟ್ಟದ್ದು. ಹೆಚ್ಚಿನ ಸಸ್ತನಿಗಳಿಗೆ ತಾಯಿಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕಡಿಮೆಯಾಗುತ್ತದೆ. ಅನೇಕ ಮನುಷ್ಯರಿಗೂ ಹಾಗೇ, ಅದಕ್ಕೇ ದೊಡ್ಡವರಲ್ಲಿ ಕೆಲವರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಆದರೆ ದನ ಸಾಕಿ ಹಾಲು ನೆಚ್ಚಿಕೊಂಡ ಸಮುದಾಯಗಳಲ್ಲಿ ದೊಡ್ಡವರಾದ ಮೇಲೂ ಹಾಲು ಅರಗಿಸುವ ಜೀನ್ ಬದಲಾವಣೆ ಹೆಚ್ಚಾಗಿ ಕಾಣುತ್ತದೆ. ಕಳೆದ ಕೆಲವು ಸಾವಿರ ವರ್ಷಗಳಲ್ಲಿ ನಡೆದ ನಿಸರ್ಗದ ಆಯ್ಕೆಗೆ ಇದು ಒಳ್ಳೆಯ ಉದಾಹರಣೆ.

ಹಾಗಾದರೆ ಈಗಿನ ಮಂಗಗಳೇಕೆ ಮನುಷ್ಯರಾಗುತ್ತಿಲ್ಲ ಎಂದು ಕೇಳುವ ಫಾರ್ವರ್ಡಿಗೆ ಉತ್ತರ ಇದು. ನಾವು ಈಗಿನ ಮಂಗಗಳಿಂದ ಬಂದವರಲ್ಲ. ನಮಗೂ ಚಿಂಪಾಂಜಿಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜ ಇತ್ತು. ದಾಯಾದಿಗಳ ಮಕ್ಕಳು ನಮ್ಮ ಮನೆಯ ಮಕ್ಕಳಾಗುವುದಿಲ್ಲವಲ್ಲ, ಹಾಗೆಯೇ ಇದು.

ಕೊನೆಯ ದಿನಗಳು

1891ರಲ್ಲಿ ಸರ್ವೇಕ್ಷಣೆಯಿಂದ ನಿವೃತ್ತರಾದ ಮೇಲೂ ಫೂಟ್ ಕಲ್ಲು ಆರಿಸುವುದನ್ನು ಬಿಡಲಿಲ್ಲ. ಒಟ್ಟು ನಾನೂರಕ್ಕೂ ಹೆಚ್ಚು ಪ್ರಾಗಿತಿಹಾಸದ ನೆಲೆಗಳನ್ನು ದಾಖಲಿಸಿದರು. ಅವರ ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂ ಕೊಂಡುಕೊಂಡಿತು. ತಮಿಳುನಾಡಿನ ಯೆರ್ಕಾಡ್ ಬೆಟ್ಟದಲ್ಲಿ ನೆಲೆಸಿದ್ದ ಅವರು 1912ರ ಡಿಸೆಂಬರ್ 29ರಂದು ಕಲ್ಕತ್ತದಲ್ಲಿ ತೀರಿಕೊಂಡರು. ಸಂಗ್ರಹದ ಪಟ್ಟಿ ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ.

ನಾವೇಕೆ ಇದನ್ನು ತಿಳಿಯಬೇಕು?

ಎರಡು ಕಾರಣ. ಒಂದು, 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠದ ಭಾಗವನ್ನು ಕೈಬಿಡಲಾಯಿತು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಅದು ಇದೆ. ಆದರೆ ಆ ಪುಸ್ತಕ ಓದುವ ಮಕ್ಕಳಲ್ಲಿ 10ರ ನಂತರ ಜೀವಶಾಸ್ತ್ರ ತೆಗೆದುಕೊಳ್ಳದವರಿಗೆ ಈ ವಿಷಯ ಪಾಠದ ಬದಲು ಫಾರ್ವರ್ಡ್‌ನಲ್ಲೇ ಸಿಗುವ ಸಾಧ್ಯತೆ ಹೆಚ್ಚು.

ಎರಡು, ಪುರಾವೆಯೇ ಕಣ್ಮರೆಯಾಗುತ್ತಿದೆ. ಬೂದಿದಿಬ್ಬಗಳನ್ನು ಹೊಲದ ಗೊಬ್ಬರಕ್ಕೆಂದು ತೋಡಿಕೊಂಡು ಹೋಗಿದ್ದಾರೆ. ಫೂಟ್ ವಿವರಿಸಿದ ಕಲ್ಲಿನ ಕೊಡಲಿ ತಯಾರಿಕೆಯ ನೆಲೆಯಿರುವ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿಗೆ ಕಲ್ಲು ಗಣಿಗಾರಿಕೆಯ ಪೆಟ್ಟು ಬಿದ್ದಿದೆ. ಒಮ್ಮೆ ಪದರ ಕದಡಿದರೆ ಅದನ್ನು ಮತ್ತೆ ಜೋಡಿಸಲು ಯಾರಿಂದಲೂ ಆಗದು.

ಶೇಂಗಾ ಹೊಲ ಉಳುವಾಗ ನಯವಾದ, ಒಂದು ಕಡೆ ಹರಿತವಾದ ಕಲ್ಲು ಸಿಕ್ಕರೆ ಎಸೆಯಬೇಡಿ. ಸಿಕ್ಕ ಜಾಗದ ಸಮೇತ ಫೋಟೊ ತೆಗೆದು, ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ಮೇಷ್ಟ್ರಿಗೋ ತಿಳಿಸಿ. ಮುಂದಿನ ಸಲ ಗ್ರೂಪಿಗೆ ಘಟೋತ್ಕಚನ ಅಸ್ಥಿಪಂಜರ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಬ್ರಹ್ಮಗಿರಿಯ ಕಲ್ಲಿನ ಕೊಡಲಿಯ ಕಥೆ ಕಳಿಸಿ. ಅದು ನಮ್ಮೂರಿನದು, ನಿಜವಾದದ್ದು.